ಜರಡಿಯಿಂದ ಜಾರಿದ್ದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಮೇಲು, ಯಾಕೆಂದರೆ ಮುಂದೆ ಬರುವವರೆಲ್ಲ ಒಬ್ಬೊಬ್ಬರಾಗಿ ಅದನ್ನೇ ಹೇಳಲಿದ್ದಾರೆ. ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಕಿಚ್ಚು ಒಂದು ಯಂತ್ರದ ಮೇಲೆ, ಮನೆಯಲ್ಲಿ ನನ್ನ ನೆಗೆಣ್ಣಿ ಕಸ್ತೂರಿಯ ಮೇಲೆ. ಎರಡಕ್ಕೂ ನನ್ನ ಹತ್ತಿರ ಬೇಕಾದಷ್ಟು ಕಾರಣಗಳಿದ್ದವು.

ಮೊದಲು ಯಂತ್ರದ ವಿಷಯ. ಅದರ ಸರ್ಕಾರಿ ಹೆಸರು ಒಂದು ಸಾಲಿನಷ್ಟು ಉದ್ದವಿದೆ. ಹುಬ್ಬಳ್ಳಿಯ ಜನ ಅದನ್ನು ಜರಡಿ ಎಂದು ಕರೆದರು, ಆ ಹೆಸರೇ ನಿಂತಿತು. ಅದು ಯಾತಕ್ಕೆ ಬೇಕಾಯಿತು ಎಂದು ತಿಳಿಯಬೇಕಾದರೆ ತಲೆಯೊಳಗೆ ಸ್ವಲ್ಪ ಇಣುಕಬೇಕು. ನಮ್ಮ ಮೆದುಳು ಬುರುಡೆಯೊಳಗೆ ಬರಿಮೈಯಲ್ಲಿ ಕೂತಿಲ್ಲ. ಅದಕ್ಕೆ ತೆಳುವಾದ ಪೊರೆಯ ಹೊದಿಕೆಯಿದೆ. ಆ ಪೊರೆಯ ಸಂದಿನಲ್ಲಿ ತಿಳಿನೀರಿನಂಥ ದ್ರವವೊಂದು ತಲೆಯಿಂದ ಬೆನ್ನಿನ ಬುಡದವರೆಗೆ ಹರಿದಾಡುತ್ತಿರುತ್ತದೆ. ಎದೆಯಲ್ಲೋ ಶ್ವಾಸಕೋಶದಲ್ಲೋ ಹುಟ್ಟಿ, ವಾಸಿಯಾಯಿತೆಂದು ಎಲ್ಲರೂ ಮರೆತ ಕ್ಯಾನ್ಸರ್ ಕೆಲವೊಮ್ಮೆ ವರ್ಷಗಳ ಮೇಲೆ ಈ ಪೊರೆಗೆ ಬಂದು ಅಂಟಿಕೊಳ್ಳುತ್ತದೆ. ಗಡ್ಡೆ ಕಟ್ಟಿದರೆ ಕಣ್ಣಿಗಾದರೂ ಬೀಳುತ್ತಿತ್ತು. ಇದು ಹಾಗಲ್ಲ, ಬಚ್ಚಲ ಗೋಡೆಗೆ ಪಾಚಿ ಹಿಡಿದ ಹಾಗೆ ತೆಳ್ಳಗೆ ಹರಡುತ್ತದೆ. ಒಬ್ಬರಿಗೆ ತಲೆನೋವು ಬರುತ್ತದೆ, ಇನ್ನೊಬ್ಬರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮತ್ತೊಬ್ಬರಿಗೆ ಕಾಲು ಸೋಲುತ್ತದೆ. ಪ್ರತಿಯೊಂದಕ್ಕೂ ಪಿತ್ತ, ವಯಸ್ಸು, ನಿದ್ದೆಗೇಡು ಎಂದು ಒಂದು ಸಬೂಬು ಸಿಗುತ್ತದೆ. ಸಬೂಬುಗಳೆಲ್ಲ ಮುಗಿದು ನಿಜ ಗೊತ್ತಾಗುವ ಹೊತ್ತಿಗೆ ರೋಗಿಗೆ ಉಳಿದಿರುವುದು ಕೆಲವೇ ವಾರ.

ಜರಡಿ ಬರುವ ಮುಂಚೆ ಅದನ್ನು ಹಿಡಿಯುತ್ತಿದ್ದವಳು ನಾನು, ಡಾಕ್ಟರ್ ನೀಲಾಂಬಿಕಾ ಮುಳಗುಂದ. ಬೆನ್ನಿಗೆ ಸೂಜಿ ಚುಚ್ಚಿ ಆ ನೀರು ತೆಗೆಯುತ್ತಿದ್ದರು. ಅದನ್ನು ತಡಮಾಡದೆ ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳಕ್ಕಿಳಿದ ಕಣಗಳನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಕೂರುತ್ತಿದ್ದೆ. ಮೊದಲ ಸಲ ತೆಗೆದ ನೀರಿನಲ್ಲಿ ಅರ್ಧಕ್ಕರ್ಧ ಜನರದ್ದು ಸಿಗುತ್ತಿರಲಿಲ್ಲ. ನೀರು ಕಡಿಮೆ ತೆಗೆದರೂ ತಪ್ಪುತ್ತಿತ್ತು, ತಡ ಮಾಡಿದರೂ ತಪ್ಪುತ್ತಿತ್ತು. ಆದರೆ ಸಿಕ್ಕರೆ ಅದು ನನ್ನ ಕಣ್ಣಿಗೇ ಸಿಗುತ್ತಿತ್ತು. ಬೆಳಗಾವಿಯಿಂದ, ಬಳ್ಳಾರಿಯಿಂದ ನನ್ನ ಹೆಸರು ಹೇಳಿ ಸ್ಲೈಡುಗಳನ್ನು ಕಳಿಸುತ್ತಿದ್ದರು.

ಆಮೇಲೆ ರೇಷ್ಮಾ ನದಾಫ್ ಬಂದಳು. ನನ್ನ ಕೈಕೆಳಗೆ ಕಲಿತ ಹುಡುಗಿ, ಹೊರಗೆ ಹೋಗಿ ಇನ್ನಷ್ಟು ಕಲಿತು, ಜರಡಿಯನ್ನು ಕಟ್ಟಿದ ತಂಡದ ಮುಖ್ಯಸ್ಥೆಯಾಗಿ ನಮ್ಮ ಆಸ್ಪತ್ರೆಗೇ ಮರಳಿದಳು. ಅವಳ ಯೋಚನೆ ಸರಳವಾಗಿತ್ತು. ಯಾರಿಗಾದರೂ ಕ್ಯಾನ್ಸರ್ ಗಡ್ಡೆ ತೆಗೆದರೆ ಆ ಗಡ್ಡೆಯ ಕಣಗಳ ಮೈಯ ಅಚ್ಚೊಂದನ್ನು ತೆಗೆದಿಡುವುದು. ವಾಸಿಯಾದವರು ವರ್ಷಕ್ಕೊಮ್ಮೆ ಬಂದರೆ, ಕತ್ತಿನ ಹಿಂದೆ ಅಂಟಿಸುವ ಒಂದು ಬಿಲ್ಲೆ ಕೂದಲಿಗಿಂತ ತೆಳುವಾದ ಸೂಜಿಯಿಂದ ಎರಡು ಹನಿ ಮೆದುಳಿನ ನೀರನ್ನು ಎಳೆದುಕೊಳ್ಳುತ್ತದೆ. ಜರಡಿಯೊಳಗೆ ಆ ಅಚ್ಚಿಗೆ ಸರಿಯಾಗಿ ಮಾಡಿದ ಲಕ್ಷಾಂತರ ಸೂಕ್ಷ್ಮ ಕೊಕ್ಕೆಗಳಿವೆ. ಹಳೆಯ ಗಡ್ಡೆಯ ಒಂದೇ ಒಂದು ಕಣ ಹಾದು ಹೋದರೂ ಕೊಕ್ಕೆಗೆ ಸಿಕ್ಕಿಬಿದ್ದು ನೀಲಿ ದೀಪ ಹತ್ತುತ್ತದೆ. ಏನೂ ಸಿಗದಿದ್ದರೆ ಹಸಿರು.

ಜನಕ್ಕೆ ಬೇಕಾದದ್ದೂ ಅಷ್ಟೇ. ಹಸಿರು ದೀಪ ಬಂದವರ ಮನೆಯಲ್ಲಿ ಪೇಡೆ ಹಂಚುವುದು ವಾಡಿಕೆಯಾಯಿತು. ಹಸಿರು ಬಂದವರ ಬೆನ್ನಿಗೆ ಸೂಜಿ ಹಾಕುವುದು ವೃಥಾ ಹಿಂಸೆ ಎಂದು ಸರ್ಕಾರ ಆದೇಶ ಹೊರಡಿಸಿತು. ರೋಗಿ ತಾನಾಗಿ ಬಾಯಿಬಿಟ್ಟು ಕೇಳಿದರೆ ಮಾತ್ರ ಆ ಹಳೆಯ ಪರೀಕ್ಷೆ. ಹಸಿರು ದೀಪ ಹತ್ತಿದ ಮೇಲೆ ಯಾರು ತಾನೆ ಸೂಜಿ ಕೇಳುತ್ತಾರೆ? ನನ್ನ ಮೈಕ್ರೋಸ್ಕೋಪನ್ನು ಸ್ಟೋರ್ ರೂಮಿನ ಪಕ್ಕದ ಕೋಣೆಗೆ ಸಾಗಿಸಿದರು. ಅದರ ಮೇಲೆ ಯಾರೋ ಹಳೆ ಕ್ಯಾಲೆಂಡರುಗಳನ್ನು ಪೇರಿಸಿಟ್ಟಿದ್ದರು. ರೇಷ್ಮಾ ಎದುರು ಸಿಕ್ಕಾಗಲೆಲ್ಲ ಬಾಗಿ ನಮಸ್ಕರಿಸುತ್ತಿದ್ದಳು, ಅದು ನನಗೆ ಇನ್ನೂ ಉರಿಯುತ್ತಿತ್ತು. ಸೊಕ್ಕಿನವಳಾಗಿದ್ದರೆ ದ್ವೇಷಿಸುವುದಾದರೂ ಸುಲಭವಾಗುತ್ತಿತ್ತು.

ಇನ್ನು ಕಸ್ತೂರಿ. ನನ್ನ ಮೈದುನ ಮಹಾಂತೇಶನ ಹೆಂಡತಿ. ವಿದ್ಯಾನಗರದ ನಮ್ಮ ಮನೆಯಲ್ಲಿ ಅವರು ಕೆಳಗೆ, ನಾವು ಮೇಲೆ, ಒಲೆ ಮಾತ್ರ ಕೆಳಗೆ ಒಂದೇ. ನಾನು ಡಾಕ್ಟರಾಗಿ, ಚಿನ್ನದ ಪದಕ ತಗೊಂಡು ಆ ಮನೆಗೆ ಸೊಸೆಯಾಗಿ ಬಂದೆ. ಆಕೆ ಬಿ.ಎ. ಅರ್ಧಕ್ಕೆ ಬಿಟ್ಟು ಬಂದಳು. ಬಂದ ವಾರದಲ್ಲೇ ಅತ್ತೆ ಗಂಗವ್ವನವರು ಎಲ್ಲದಕ್ಕೂ ‘ಕಸ್ತೂರೀ’ ಎನ್ನತೊಡಗಿದರು. ಅವಳು ರೊಟ್ಟಿ ಬಡಿಯಲು ಕೂತರೆ ಸದ್ದು ಬೀದಿಗೆ ಕೇಳುತ್ತಿತ್ತು, ಒಂದೇ ಹದ, ಒಂದೇ ಓಟ, ರೊಟ್ಟಿ ಚಂದ್ರನಷ್ಟು ದುಂಡಗೆ. ನಾನು ಬಡಿದ ರೊಟ್ಟಿ ನೋಡಿ ಮಹಾಂತೇಶ ಇದು ಯಾವ ಜಿಲ್ಲೆಯ ನಕಾಶೆ ಎಂದು ಕೇಳುತ್ತಿದ್ದ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ವಚನಾ ಕೂಡ ಜ್ವರ ಬಂದರೆ ‘ಚಿಗವ್ವಾ’ ಎಂದು ಕೆಳಗೆ ಓಡುತ್ತಿದ್ದಳು. ಡಾಕ್ಟರು ಮೇಲಿನ ಮಹಡಿಯಲ್ಲೇ ಇದ್ದರೂ!

ಐದು ವರ್ಷದ ಹಿಂದೆ ಕಸ್ತೂರಿಗೆ ಎದೆಯ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ದಿನಾ ನುಂಗುವ ಮಾತ್ರೆ ಶುರುವಾಯಿತು, ವಾಸಿಯಾದಳು. ಪ್ರತಿ ವರ್ಷ ಜರಡಿಯಲ್ಲಿ ಹಸಿರು. ಈ ವರ್ಷವೂ ಹಸಿರು ಬಂದು, ಅತ್ತೆ ಓಣಿಗೆಲ್ಲ ಪೇಡೆ ಹಂಚಿ ಮುಗಿಸಿದ್ದರು. ಕಾಯಿಲೆಯಲ್ಲೂ ಅವಳಿಗೇ ಪೇಡೆ ಎಂದು ನಾನು ಒಳಗೊಳಗೆ ಮೂಗು ಮುರಿದಿದ್ದೆ.

ಪೇಡೆ ಹಂಚಿದ ಕೆಲವು ದಿನಕ್ಕೆ, ಬೆಳಿಗ್ಗೆ ಮೆಟ್ಟಿಲು ಇಳಿದು ಬರುವಾಗ ರೊಟ್ಟಿಯ ಸದ್ದು ಎಡವಿತು. ಬೇರೆಯವರಿಗೆ ಅದು ಕೇಳಿಸಿರಲಾರದು. ವರ್ಷಗಟ್ಟಲೆ ಆ ಸದ್ದಿನಲ್ಲಿ ಒಂದು ತಪ್ಪು ಸಿಗಲಿ ಎಂದು ಕಿವಿಗೊಟ್ಟು ಕೇಳಿದವಳು ನಾನೊಬ್ಬಳೇ. ಎಡಗೈ ಹಿಂದೆ ಬೀಳುತ್ತಿತ್ತು. ತಾಟಿಗೆ ಬಂದ ರೊಟ್ಟಿ ಒಂದು ಕಡೆ ದಪ್ಪಗಿತ್ತು. ನನಗೆ ಮೊದಲು ಆದದ್ದು ಖುಷಿಯೇ, ಮುಚ್ಚಿಡುವುದೇನು? ಆಮೇಲೆ ಅವಳು ಚಹಾ ಬಗ್ಗಿಸಿದಳು. ಧಾರೆ ಕಪ್ಪಿನ ಹೊರಗೆ ಬಿತ್ತು, ಅವಳು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಮತ್ತೆ ಬಗ್ಗಿಸಿದಳು. ಊಟಕ್ಕೆ ಕೂತಾಗ ಅವಳ ಗದ್ದದ ಮೇಲೆ ಒಂದು ಅನ್ನದ ಅಗುಳು ಅಂಟಿತ್ತು. ಹಣೆಯ ಕುಂಕುಮ ಸಾಸಿವೆಯಷ್ಟು ಸರಿದರೂ ಕನ್ನಡಿಗೆ ಓಡುವ ಹೆಂಗಸು ಕಸ್ತೂರಿ. ಅಗುಳು ಅಲ್ಲೇ ಇತ್ತು, ಅವಳು ಮಾತಾಡುತ್ತಲೇ ಇದ್ದಳು. ಅವಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಕಾರಣವಿಲ್ಲದೆ ಗದ್ದಕ್ಕೆ ಜೋಮು ಹಿಡಿಯುವುದು ಕ್ಯಾನ್ಸರ್ ಆದವರಲ್ಲಿ ತಮಾಷೆಯ ಮಾತಲ್ಲ. ಕೈ, ಕಣ್ಣು, ಗದ್ದ, ಮೂರಕ್ಕೂ ನರಗಳು ಬೇರೆ ಬೇರೆ. ಆ ಎಲ್ಲ ನರಗಳೂ ಹಾದುಹೋಗುವ ಒಂದೇ ಜಾಗವೆಂದರೆ ಆ ಪೊರೆ, ಆ ನೀರು.

‘‘ಕಸ್ತೂರಿ, ಬೆಳಿಗ್ಗೆ ತಲಿ ನೋಯತೈತೇನು?’’ ಎಂದು ಕೇಳಿದೆ.

ಅವಳು ಬಾಯಿ ತೆರೆಯುವ ಮುಂಚೆ ಅತ್ತೆ ಹಾರಿ ಬಂದರು. ‘‘ಏನವಾ ನೀಲಾ, ಮೊನ್ನೆರ ಹಸರು ದೀಪ ಬಂದೈತಿ ಆಕಿಗೆ. ಈಗ ಮತ್ತ ಏನ್ ಹುಡಕಾಕತ್ತಿ? ಪಿತ್ತ ಆಗೈತಿ, ಅಷ್ಟ. ಆಕಿ ಒಂದೀಟ್ ನಗನಗತಾ ಇದ್ರ ನಿನಗ ಆಗಿ ಬರೂದಿಲ್ಲ ನೋಡು.’’

ಕಸ್ತೂರಿ ನಕ್ಕಳು. ನಗುವಾಗ ಬಾಯಿಯ ಬಲತುದಿ ಎಡತುದಿಗಿಂತ ಸ್ವಲ್ಪ ಮೊದಲು ಏರಿತು. ಅದನ್ನೂ ನಾನು ನೋಡಿದೆ.

ಮರುದಿನ ಆಸ್ಪತ್ರೆಯಲ್ಲಿ ನೇರವಾಗಿ ಜರಡಿಯ ಕೋಣೆಗೆ ಹೋದೆ. ಬಿಳಿ ಗೋಡೆ, ಎ.ಸಿ. ಗಾಳಿ, ಹೊರಗೆ ಕುರ್ಚಿಗಳಲ್ಲಿ ದೇವರ ಹೆಸರು ಹೇಳುತ್ತ ಕೂತ ಜನ. ರೇಷ್ಮಾ ಎದ್ದು ನಿಂತಳು. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವಳು ಶ್ರದ್ಧೆಯಿಂದ ಕೇಳಿದಳು, ಕಸ್ತೂರಿಯನ್ನು ಕರೆಸಿ ಎರಡನೇ ಸಲ ಪರೀಕ್ಷೆ ಮಾಡಿಸಿದಳು, ತಲೆಯ ಎಂಆರ್‌ಐಗೂ ಬರೆದಳು. ಜರಡಿಯಲ್ಲಿ ಮತ್ತೆ ಹಸಿರು. ಎಂಆರ್‌ಐನಲ್ಲಿ ಪೊರೆಯ ಒಂದು ಕಡೆ ಮಬ್ಬಾದ ಬಿಳಿ ಗೆರೆಯಿತ್ತು. ಆ ಎಂಆರ್‌ಐ ಓದಿದ ಡಾಕ್ಟರು ಹಸಿರು ದೀಪದ ವಿಷಯ ಮೊದಲೇ ಕೇಳಿದ್ದರು. ಆದ್ದರಿಂದ ಅವರಿಗೆ ಅದು ಹಳೆಯ ಯಾವುದೋ ಸೋಂಕಿನ ಕಲೆಯಾಗಿ ಕಂಡಿತು.

‘‘ಬೆನ್ನಿನ ನೀರು ತಗಸು ರೇಷ್ಮಾ. ಹತ್ತು ಮಿಲಿಲೀಟರ್ ಬೇಕು. ನಾ ನೋಡ್ತೀನಿ,’’ ಅಂದೆ.

‘‘ಮೇಡಂ, ಎರಡು ಸಲ ಹಸರು ಬಂದೈತ್ರಿ. ಹಂಗ ತಗ್ಯಾಕ ಬರಂಗಿಲ್ಲ.’’

‘‘ನಿನ್ನ ಜರಡಿ ತಪ್ಪಿದ್ರ?’’

‘‘ಇಷ್ಟು ಸಾವಿರ ಮಂದಿಗೆ ಮಾಡೇವಿ. ಹಸರು ತೋರ್ಸಿ ಆಮ್ಯಾಲೆ ಕಾಯಿಲೆ ಸಿಕ್ಕಿದ್ದು ಒಂದೂ ಇಲ್ರಿ.’’

‘‘ಹಸರು ಬಂದ ಮ್ಯಾಲೆ ನೀವು ಯಾರನ್ನರ ಮತ್ತ ನೋಡೀರೇನು? ನೋಡದಿದ್ರ ಸಿಗೂದು ಹ್ಯಾಂಗ?’’

ಅವಳು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದಳು. ಆಮೇಲೆ ಬಹಳ ಮೆತ್ತಗೆ, ‘‘ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಜರಡಿ ಮ್ಯಾಲೆ ನಿಮಗ ಮೊದಲಿಂದ ಸಿಟ್ಟೈತಿ. ಅದು ನನಗೊಬ್ಬಾಕಿಗೆ ಅಲ್ಲ, ಇಡೀ ಆಸ್ಪತ್ರಿಗೆ ಗೊತ್ತೈತಿ,’’ ಎಂದಳು.

ಆ ಮಾತು ನಿಜವಾಗಿತ್ತು. ಹೊಟ್ಟೆಕಿಚ್ಚಿನವರ ದೊಡ್ಡ ಕಷ್ಟ ಇದೇ. ನಾವು ಖರೇ ಹೇಳಿದ ದಿನವೂ ಜನಕ್ಕೆ ಹೊಗೆಯ ವಾಸನೆಯೇ ಬರುತ್ತದೆ.

ಮನೆಗೆ ಬಂದು ಮಹಾಂತೇಶನಿಗೆ ಬಿಡಿಸಿ ಹೇಳಿದೆ. ಕಸ್ತೂರಿ ತಾನಾಗಿ ಕೇಳಿದರೆ ಯಾರೂ ತಡೆಯುವಂತಿಲ್ಲ, ನೀನು ಅವಳಿಗೆ ಹೇಳು ಎಂದೆ. ಅವನು ಒಳ್ಳೆಯ ಮನುಷ್ಯ, ನನ್ನ ಎದುರು ದನಿ ಏರಿಸಿದವನಲ್ಲ. ಅವತ್ತು ಏರಿಸಿದ.

‘‘ವೈನಿ, ಸಾಕ್ರಿ ಇನ್ನ. ಆಕಿ ರೊಟ್ಟಿ ಸರಿಯಿಲ್ಲಾ, ಆಕಿ ನಗಿ ಸರಿಯಿಲ್ಲಾ. ಇಪ್ಪತ್ತು ವರ್ಷ ಇದನ್ನ ಕೇಳೇನಿ. ಐದು ವರ್ಷ ಆಕಿ ಸತ್ತು ಬದುಕ್ಯಾಳ. ಈಗ ಆಕಿ ಬೆನ್ನಿಗೆ ಸೂಜಿ ಹಾಕಿ ನಿಮ್ಮ ಮಷೀನಿನ ಜಗಳ ತೀರಿಸ್ಕೋತೀರೇನು?’’

ನಾನು ಮೆಟ್ಟಿಲು ಹತ್ತಿ ಮೇಲೆ ಬಂದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಕಸ್ತೂರಿಯ ಮೇಲಿನ ಸಿಟ್ಟು, ಮಹಾಂತೇಶನ ಮೇಲಿನ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮಾತಿಗೆ ಬೆಲೆ ಇಲ್ಲದಂತೆ ಮಾಡಿಕೊಂಡ ನನ್ನ ಮೇಲಿನ ಸಿಟ್ಟು. ಅವಳು ಸಾಯುತ್ತಾಳೆ, ನಾನು ಅದನ್ನು ಮೊದಲೇ ನೋಡಿರುತ್ತೇನೆ, ಸತ್ತ ಮೇಲೂ ಈ ಮನೆಯವರು ನನ್ನ ದೃಷ್ಟಿ ತಾಗಿತು ಎನ್ನುತ್ತಾರೆ.

ಸಂಜೆ ಮಾಳಿಗೆಯ ಮೇಲೆ ಹಪ್ಪಳ ತೆಗೆಯುತ್ತಿದ್ದಾಗ ಕಸ್ತೂರಿ ಬಂದಳು. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ನಿಂತು ಬಂದಳು. ಬಂದವಳು ನೀರಿನ ಟ್ಯಾಂಕಿನ ನೆರಳಿಗೆ ಕೂತು ಉಸಿರು ತೆಗೆದುಕೊಂಡಳು.

‘‘ಅಕ್ಕಾರ, ನಿಮ್ಮ ಮೈದುನ ಒದರಾಡಿದ್ದು ಕೇಳಿಸ್ತು. ಮನಸಿಗೆ ಹಚ್ಕೋಬ್ಯಾಡ್ರಿ.’’

‘‘ನಾ ಯಾಕ ಹಚ್ಕೊಳ್ಳಿ? ನಂದೇನು ಹೋಗೂದೈತಿ,’’ ಅಂದೆ, ಹಪ್ಪಳದ ಕಡೆಗೇ ನೋಡುತ್ತ.

‘‘ಏನೇನ್ ನೋಡೀರಿ ನನ್ನೊಳಗ? ಖರೇ ಹೇಳ್ರಿ.’’

ಹೇಳಿದೆ. ರೊಟ್ಟಿಯ ಸದ್ದು, ಚಹಾ, ತಲೆ ವಾಲಿಸುವುದು, ಅಗುಳು, ನಗು. ಹೇಳುತ್ತ ಹೋದ ಹಾಗೆ ಅವಳ ಮುಖ ಸಡಿಲಾಯಿತು, ಹೊತ್ತುಕೊಂಡಿದ್ದ ಏನನ್ನೋ ಕೆಳಗಿಟ್ಟವಳ ಹಾಗೆ.

‘‘ಇಡೀ ಗದ್ದ ನನ್ನದಲ್ಲ ಅನಸಾಕತ್ತೈತ್ರಿ. ನೀವು ಈಗ ಇಬ್ಬರು ಕುಂತೀರಿ ನನ್ನ ಮುಂದ, ಇಬ್ಬರೂ ಹಪ್ಪಳ ತಗ್ಯಾಕತ್ತೀರಿ. ಬೆಳಿಗ್ಗೆ ಏಳೂಕಿಂತ ಮೊದಲ ತಲಿ ಸಿಡಿತೈತಿ, ವಾಂತಿ ಆದ ಮ್ಯಾಲೆ ಕಮ್ಮಿ ಆಕ್ಕೈತಿ. ನಳ ಬಿಟ್ಟು ವಾಂತಿ ಮಾಡ್ತೀನಿ, ಸಪ್ಪಳ ಕೇಳಬಾರ್ದು ಅಂತ.’’

‘‘ಯಾಕ ಹೇಳ್ಲಿಲ್ಲ?’’

‘‘ಯಾರಿಗೆ ಹೇಳ್ಲಿ? ಹಸರು ದೀಪ ಬಂದ ಮ್ಯಾಲೆ ಅತ್ತಿ ಆ ಪರಿ ಖುಷಿ ಆಗ್ಯಾರ. ಇವರು ನನ್ನ ಮಾರಿ ನೋಡಿದ್ರ ಅವರಿಗೆ ಆ ದೀಪ ಕಾಣತೈತಿ, ನಾ ಕಾಣಂಗಿಲ್ಲ.’’ ಅವಳು ಸೀರೆಯ ಸೆರಗಿನಿಂದ ಗದ್ದವನ್ನು ಒತ್ತಿ ಒತ್ತಿ ನೋಡಿಕೊಂಡಳು. ‘‘ಈ ಮನ್ಯಾಗ ಎಲ್ಲಾರೂ ನನ್ನ ಪ್ರೀತಿ ಮಾಡ್ತಾರ್ರಿ. ನೋಡವರು ನೀವೊಬ್ಬರ. ಮದುವಿ ಆಗಿ ಬಂದ ದಿನದಿಂದ ನೋಡಾಕತ್ತೀರಿ, ನನಗ ಗೊತ್ತಿಲ್ಲೇನು? ಮೊದಮೊದಲು ಹೆದರಿಕಿ ಆಗ್ತಿತ್ತು. ಆಮ್ಯಾಲೆ ರೂಢಿ ಆತು. ಖರೇ ಹೇಳಬೇಕಂದ್ರ, ನೀವು ನೋಡ್ತೀರಿ ಅಂತನ ರೊಟ್ಟಿ ಅಷ್ಟು ಚಂದ ಬಡೀತಿದ್ದೆ.’’

ಒಂದು ಹಪ್ಪಳ ನನ್ನ ಕೈಯಲ್ಲೇ ಮುರಿಯಿತು.

‘‘ನಾಳೆ ಕರಕೊಂಡು ಹೋಗ್ರಿ. ಸೂಜಿ ನಾನ ಕೇಳ್ತೀನಿ,’’ ಎಂದಳು ಕಸ್ತೂರಿ.

ಅವಳು ಕೇಳಿದಳು, ರೇಷ್ಮಾಳ ಎದುರು, ಮಹಾಂತೇಶನ ಎದುರು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ಒಬ್ಬ ಯುವ ಡಾಕ್ಟರು ಅವಳನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತರಿಸಿ, ಬೆನ್ನಿನ ಕೆಳಗೆ ಸೂಜಿ ಇಳಿಸಿದರು. ನಾನು ಅವಳ ಕೈ ಹಿಡಿದಿದ್ದೆ. ಒತ್ತಡ ನೋಡುವ ಗಾಜಿನ ಕೊಳವೆಯಲ್ಲಿ ನೀರು ಏರಬೇಕಾದಲ್ಲಿಗೆ ಏರಿ, ನಿಲ್ಲಬೇಕಾದಲ್ಲಿ ನಿಲ್ಲದೆ, ಇನ್ನೂ ಮೇಲಕ್ಕೆ ಹೋಯಿತು. ಆ ಡಾಕ್ಟರು ನನ್ನ ಮುಖ ನೋಡಿದರು. ನಾನು ಸುಮ್ಮನೆ ತಲೆಯಾಡಿಸಿ, ತುಂಬ ತೆಗೆಯಿರಿ ಎಂದು ಸನ್ನೆ ಮಾಡಿದೆ.

ಟ್ಯೂಬುಗಳನ್ನು ಯಾರ ಕೈಗೂ ಕೊಡದೆ ನಾನೇ ಹಿಡಿದುಕೊಂಡು ಬಿರಬಿರನೆ ನಡೆದೆ. ಈ ಕಣಗಳಿಗೆ ಆಯುಸ್ಸು ಕಡಿಮೆ, ಮೈಯಿಂದ ಹೊರಗೆ ಬಂದ ಮೇಲೆ ಬೇಗ ಕೊಳೆಯುತ್ತವೆ. ಕ್ಯಾಲೆಂಡರುಗಳನ್ನು ನೆಲಕ್ಕೆ ತಳ್ಳಿದೆ. ತಿರುಗಿಸಿ, ಹರಡಿ, ಬಣ್ಣ ಹಾಕಿ, ಒಣಗಿಸಿ, ಕಣ್ಣಿಟ್ಟೆ.

ಮೊದಲು ಬರೀ ಬಿಳಿ ರಕ್ತಕಣಗಳು, ಚಿಕ್ಕಚಿಕ್ಕವು, ಸಾಧುಗಳು. ಸ್ಲೈಡನ್ನು ಸರಿಸಿದೆ, ಮತ್ತೆ ಸರಿಸಿದೆ. ಒಂದು ಮೂಲೆಯಲ್ಲಿ ಅವು ಕಂಡವು. ದೊಡ್ಡವು, ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ, ಒಳಗಿನ ಬೀಜ ಮೈತುಂಬ ಕಪ್ಪಾಗಿ ಉಬ್ಬಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

‘‘ಗೆದ್ದೆ!’’ ಎಂದು ಕೂಗಿದೆ. ಗಟ್ಟಿಯಾಗಿಯೇ ಕೂಗಿದೆ, ಸ್ಟೋರಿನಲ್ಲಿದ್ದವರು ತಿರುಗಿ ನೋಡಿದರು. ಆ ಕ್ಷಣದಲ್ಲಿ ನನಗೆ ಕಂಡದ್ದು ರೇಷ್ಮಾಳ ಮುಖ, ಬಿಳಿ ಗೋಡೆಯ ಕೋಣೆ, ಸೋತ ಯಂತ್ರ. ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಇಟ್ಟ ಮೇಲೆ ಆ ಗಾಜಿನ ಮೇಲೆ ಇರುವುದು ಕಸ್ತೂರಿ ಎಂಬುದು ನೆನಪಾಯಿತು. ನೆಲದ ಮೇಲೆ, ಬಿದ್ದ ಕ್ಯಾಲೆಂಡರುಗಳ ನಡುವೆ ಕೂತು ಅಳತೊಡಗಿದೆ.

ರೇಷ್ಮಾ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಬಹಳ ಹೊತ್ತು ಎತ್ತಲಿಲ್ಲ. ಆಮೇಲೆ ಉಳಿದ ನೀರನ್ನು ತೆಗೆದುಕೊಂಡು ಹೋಗಿ, ನನ್ನನ್ನೂ ಕೈಹಿಡಿದು ಎಬ್ಬಿಸಿಕೊಂಡು ಹೋಗಿ, ತಾನೇ ಜರಡಿಗೆ ಹಾಕಿದಳು. ಅಷ್ಟೊಂದು ಕೆಟ್ಟ ಕಣಗಳಿದ್ದ ನೀರು. ಹಸಿರು ದೀಪ ಹತ್ತಿತು.

‘‘ಮಾತ್ರಿ,’’ ಅಂದಳು ರೇಷ್ಮಾ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ‘‘ಐದು ವರ್ಷ ಮಾತ್ರಿ ನುಂಗ್ಯಾರ. ಮಾತ್ರಿಗೆ ಸಿಗಬಾರ್ದು ಅಂತ ಕಣ ತನ್ನ ಮೈನ ಬದಲ್ ಮಾಡ್ಕೊಂಡೈತಿ. ನಮ್ಮ ಕಡೆ ಇರೂದು ಹಳೇ ಅಚ್ಚು.’’

ಅಂದರೆ ಹಳೆಯ ಫೋಟೋ ಹಿಡಿದು ಪೊಲೀಸರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾರೆ, ಕಳ್ಳ ಮೀಸೆ ಬೋಳಿಸಿಕೊಂಡು ಅವರ ಮುಂದೆಯೇ ಹಾದುಹೋಗುತ್ತಿದ್ದಾನೆ. ಆ ದಿನವೇ ರೇಷ್ಮಾ ಹೊಸ ಕಣಗಳಿಂದ ಹೊಸ ಅಚ್ಚು ಮಾಡಲು ಕೂತಳು. ಮುಂದೆ ಮಾತ್ರೆ ನುಂಗಿದವರೆಲ್ಲರನ್ನೂ ಮತ್ತೆ ಕರೆಸಿದರು, ಕೆಲವರದ್ದು ಬೇಗ ಸಿಕ್ಕಿತು. ಜರಡಿಯ ಎರಡನೇ ರೂಪಕ್ಕೆ ರೇಷ್ಮಾಳಿಗೆ ದೊಡ್ಡ ಪ್ರಶಸ್ತಿಯೂ ಬಂತು. ಭಾಷಣದಲ್ಲಿ ನನ್ನ ಹೆಸರು ಹೇಳಿದಳು, ಕೊನೆಗೆ, ಊಟದ ವ್ಯವಸ್ಥೆ ಮಾಡಿದವರಿಗಿಂತ ಸ್ವಲ್ಪ ಮುಂಚೆ. ಉರಿಯಿತು, ಉರಿಯದೆ ಇರುತ್ತದೆಯೆ?

ಮನೆಯಲ್ಲಿ ಹೇಳುವ ಕೆಲಸವೂ ನನ್ನದೇ ಆಯಿತು. ಇದು ಬೇರುಸಹಿತ ಹೋಗುವ ಕಾಯಿಲೆಯಲ್ಲ, ಆದರೆ ಈಗಲೇ ಸಿಕ್ಕಿದೆ, ತಡೆಯಬಹುದು, ಎಷ್ಟು ಕಾಲ ಎಂದು ಯಾರೂ ಹೇಳಲಾರರು ಎಂದೆ. ಅತ್ತೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಹಾಂತೇಶ ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದು, ಮೊದಲು ಹೋಗಿ ಅವಳ ಹತ್ತಿರ ಕೂಡು ಎಂದು ಗದರಿದೆ.

ಕಸ್ತೂರಿಯ ನೆತ್ತಿಯ ಚರ್ಮದ ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬುಡ್ಡಿ ಕೂರಿಸಿದರು. ಅದರ ಮೂಲಕ ಔಷಧಿ ನೇರವಾಗಿ ಮೆದುಳಿನ ನೀರಿಗೆ ಇಳಿಯುತ್ತಿತ್ತು. ಬೆನ್ನಿಗೆ ಕಿರಣ ಕೊಟ್ಟರು. ಕೂದಲು ಹೋಯಿತು, ಮಾತು ನಿಧಾನವಾಯಿತು, ದಿನದ ಹೆಚ್ಚು ಭಾಗ ಮಲಗಿರುತ್ತಿದ್ದಳು. ರೊಟ್ಟಿ ಬಡಿಯುವುದು ನನ್ನ ಪಾಲಿಗೆ ಬಂತು. ಯಾರೂ ನಕಾಶೆಯ ಮಾತಾಡಲಿಲ್ಲ, ಸುಮ್ಮನೆ ತಿಂದರು. ಅವಳಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಗದ್ದ ಒರೆಸುವುದು ಎಲ್ಲ ನಾನೇ. ಅತ್ತೆ ಬಂದವರ ಮುಂದೆ ‘‘ನಮ್ಮ ನೀಲಾ ಬಂಗಾರದಂಥಾಕಿ’’ ಎನ್ನತೊಡಗಿದರು. ಇಪ್ಪತ್ತು ವರ್ಷ ಆ ಮಾತಿಗೆ ಕಾದಿದ್ದೆ. ಬಂದಾಗ ಅದು ನಾಲಿಗೆಗೆ ಏನೂ ರುಚಿಸಲಿಲ್ಲ.

ನನ್ನನ್ನು ಹೆದರಿಸಿದ್ದು ಇನ್ನೊಂದು. ಅವಳ ಮೇಲಿನ ಹೊಟ್ಟೆಕಿಚ್ಚು ಪೂರ್ತಿ ಆರಿಹೋಗಿತ್ತು. ಹಾಸಿಗೆಯಲ್ಲಿ ಮಲಗಿದ ಆ ಬೋಳುತಲೆಯ ಹೆಂಗಸಿನಲ್ಲಿ ನನಗೆ ಬೇಕೆನಿಸುವಂಥದ್ದು ಒಂದೂ ಇರಲಿಲ್ಲ. ಕರುಣೆ ಬರುತ್ತಿತ್ತು. ಕಸ್ತೂರಿಯ ಮೇಲೆ ಕರುಣೆ! ಅದಕ್ಕಿಂತ ಕೆಟ್ಟ ರಿಪೋರ್ಟು ಯಾವ ಯಂತ್ರವೂ ಕೊಡಲಾರದು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅವಳು ಚಮಚ ತಡೆದಳು. ‘‘ಅಕ್ಕಾರ, ಈಗ ನನ್ನ ಮ್ಯಾಲೆ ಹೊಟ್ಟಿಕಿಚ್ಚು ಬರತೈತೇನ್ರಿ?’’

‘‘ಬರತೈತಿ. ಎಲ್ಲಾರೂ ನಿನ್ನ ಸುತ್ತನ ಇರ್ತಾರ, ಬರದಂಗ ಇರತೈತೇನು?’’ ಅಂದೆ.

‘‘ಸುಳ್ಳು,’’ ಎಂದು ಕಸ್ತೂರಿ ಗೋಡೆಯ ಕಡೆ ತಿರುಗಿ ಮಲಗಿದಳು. ಗಂಜಿ ತಣ್ಣಗಾಯಿತು. ಅವಳು ನನ್ನ ಮುಖ ಓದುವುದನ್ನು ನಾನು ಅವಳ ಮುಖ ಓದಿದಷ್ಟೇ ಚೆನ್ನಾಗಿ ಕಲಿತಿದ್ದಳು.

ತಿಂಗಳುಗಳು ಕಳೆದವು. ಬೆನ್ನಿನ ನೀರಿನಲ್ಲಿ ಕೆಟ್ಟ ಕಣಗಳು ಕಡಿಮೆಯಾಗುತ್ತ ಬಂದವು. ನಾನೇ ನೋಡುತ್ತಿದ್ದೆ, ರೇಷ್ಮಾಳ ಹೊಸ ಜರಡಿಯೂ ನೋಡುತ್ತಿತ್ತು, ಇಬ್ಬರೂ ಒಪ್ಪಿದ ಮೇಲೆಯೇ ಮನೆಗೆ ಹೇಳುತ್ತಿದ್ದೆ. ಕಸ್ತೂರಿ ಎದ್ದು ಕೂತಳು, ಆಮೇಲೆ ಕೋಲು ಹಿಡಿದು ನಡೆದಳು. ಆದರೂ ನಾನು ಅವಳನ್ನು ನೋಡುವಾಗ ಒಳಗೆ ಆ ಕರುಣೆಯೇ ಇರುತ್ತಿತ್ತು. ಅವಳು ಮತ್ತೆ ಆ ಪ್ರಶ್ನೆ ಕೇಳಬಾರದು ಎಂದು ಅವಳ ಕಣ್ಣು ತಪ್ಪಿಸುತ್ತಿದ್ದೆ.

ಆ ಹೊತ್ತಿಗೆ, ಮದುವೆಯಾಗಿ ಹೋಗಿದ್ದ ನನ್ನ ಮಗಳು ವಚನಾ ಬಸುರಿಯಾಗಿದ್ದಳು. ಸೀಮಂತದ ಕುಬಸ ಮಾಡುವ ದಿನ ಮನೆ ತುಂಬ ಹೆಂಗಸರು. ನಾನು ಮೂರು ಅಂಗಡಿ ತಿರುಗಿ ಹೊಸ ಇಳಕಲ್ ಸೀರೆ ತಂದು ಉಟ್ಟಿದ್ದೆ. ಬಸುರಿಯ ತಾಯಿ ನಾನು, ಆ ದಿನ ನನ್ನದು. ಆರತಿ ತಟ್ಟೆಗೆ ದೀಪ ಹಚ್ಚಿಕೊಂಡು ಒಳಗಿಂದ ಹೊರಗೆ ಬಂದೆ. ಹಾಲಿನಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಕಸ್ತೂರಿಯ ಕುರ್ಚಿಯ ಸುತ್ತ ಮುತ್ತಿಕೊಂಡಿದ್ದರು. ತಲೆಗೆ ಹಳದಿ ಬಟ್ಟೆ ಸುತ್ತಿಕೊಂಡು, ಕೋಲನ್ನು ಮೈಕಿನ ಹಾಗೆ ಹಿಡಿದುಕೊಂಡು ಅವಳು ಅಳಿಯನಿಗೇ ಬಸುರಿನ ಬಯಕೆ ಹತ್ತಿದೆಯೆಂದು ಹಾಡು ಕಟ್ಟಿ ಹಾಡುತ್ತಿದ್ದಳು. ಹೆಂಡತಿಗೆ ಹುಳಿ ಬೇಕಾದರೆ ಗಂಡನಿಗೇ ವಾಂತಿಯಂತೆ. ಮಾತು ಇನ್ನೂ ಸ್ವಲ್ಪ ತೊಡರುತ್ತಿತ್ತು, ಅದನ್ನೂ ಅವಳು ಹಾಡಿನ ತಾಳಕ್ಕೆ ಹೊಂದಿಸಿಕೊಂಡಿದ್ದಳು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಅತ್ತೆ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ನನ್ನ ಮಗಳು, ನಾನು ಹೆತ್ತ ಮಗಳು, ಹಸಿರು ಸೀರೆ ಉಟ್ಟು ನೆಲದ ಮೇಲೆ ಕೂತು ಚಿಗವ್ವನ ತೊಡೆಯ ಮೇಲೆ ತಲೆಯಿಟ್ಟಿದ್ದಳು.

‘‘ಚಿಗವ್ವಾ, ಮೊದಲನೇ ಆರತಿ ನೀ ಮಾಡಬೇಕು ನನಗ,’’ ಎಂದಳು ವಚನಾ.

ಹೊಟ್ಟೆಯೊಳಗೆ ಚುರ್ ಎಂದಿತು.

ನನ್ನ ಮಗಳು! ನನ್ನ ಮನೆ! ತಟ್ಟೆ ಹಿಡಿದು ಇಲ್ಲಿ ನಿಂತವಳು ನಾನು! ಹೊಸ ಸೀರೆಯನ್ನು ಒಬ್ಬಳಾದರೂ ನೋಡಿದಳೇ? ಈ ಕಸ್ತೂರಿ ಹಾಸಿಗೆಯಿಂದ ಎದ್ದು ಬಂದು ಅರ್ಧ ತಾಸಿನಲ್ಲಿ ಎಲ್ಲವನ್ನೂ ಬಾಚಿಕೊಂಡುಬಿಟ್ಟಳಲ್ಲ! ಕಿವಿಯವರೆಗೆ ಬಿಸಿ ಏರಿತು. ಏರಿದ ಮೇಲೆ ಅದು ಏನೆಂದು ಗೊತ್ತಾಯಿತು.

ಕಸ್ತೂರಿ ಹಾಡು ನಿಲ್ಲಿಸಿ ಹೆಂಗಸರ ತಲೆಗಳ ಮೇಲಿಂದ ನನ್ನನ್ನು ನೋಡಿದಳು. ತಲೆ ವಾಲಿಸದೆ, ನೆಟ್ಟಗೆ.

‘‘ಅಕ್ಕಾರ, ಉರಿಯಾಕತ್ತೈತಿ ಅಲ್ಲೇನ್ರಿ?’’

‘‘ಉರಿಯಾಕತ್ತೈತಿ.’’

‘‘ಭಾಳ?’’

‘‘ಭಾಳ. ನಿನ್ನ ಕುತ್ತಿಗಿ ಹಿಚಕಬೇಕು ಅನಸಾಕತ್ತೈತಿ,’’ ಅಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಒಳ್ಳೆಯ ಸುದ್ದಿ ಕೇಳಿದವರು ಮುಚ್ಚಿಕೊಳ್ಳುವ ಹಾಗೆ. ಹೆಂಗಸರಿಗೆ ಏನೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ವಾರ ಅವಳಿಗೆ ಮತ್ತೆ ಔಷಧಿಯಿತ್ತು. ಅದರ ಮುಂದಿನ ವಾರಗಳ ವಿಷಯ ನನಗೂ ಗೊತ್ತಿರಲಿಲ್ಲ, ಜರಡಿಗೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವಳು ಅಲ್ಲಿದ್ದಳು, ಪೂರ್ತಿಯಾಗಿ ಇದ್ದಳು. ನಾನು ಗುಂಪನ್ನು ಸರಿಸಿಕೊಂಡು ಕುರ್ಚಿಯ ಹತ್ತಿರ ಹೋದೆ. ಆರತಿ ತಟ್ಟೆಯನ್ನು ಅವಳ ಕೈಗೆ ಬಿಟ್ಟುಕೊಡಲಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಒಂದು ಅಂಚನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಅಂಚನ್ನು ಅವಳಿಗೆ ಹಿಡಿಸಿದೆ.